ಗೊಟಗೋಡಿಯಲ್ಲಿ ಕಂಡ ನಮ್ಮ ಹಳ್ಳಿ

ಹಳಿಯಾಳ, ದಾಂಡೇಲಿ, ಜೋಯಿಡಾ ಸೀಮೆಯ ಕುಟುಂಬಗಳು ರಜೆಯಲ್ಲಿ ಮಕ್ಕಳಿಗೆ ಕಾಡನ್ನೂ ಕಾಳಿನದಿಯನ್ನೂ ತೋರಿಸುವುದುಂಟು. ಒಂದು ದಿನವನ್ನು ಗೊಟಗೋಡಿಗೂ ಮೀಸಲಿಡಬೇಕೆಂಬುದು ನನ್ನ ವಿನಂತಿ. ಮುಂಡಗೋಡಕ್ಕೆ ಹೊಂದಿಕೊಂಡ ಶಿಗ್ಗಾವಿ ತಾಲ್ಲೂಕಿನ ಈ ಊರಿನಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಬಳಿಯೇ ಇರುವ ಉತ್ಸವ ರಾಕ್ ಗಾರ್ಡನ್, ಉತ್ತರ ಕರ್ನಾಟಕದ ಗ್ರಾಮಜೀವನವನ್ನು ಶಿಲ್ಪಗಳಲ್ಲಿ ಹಿಡಿದಿಟ್ಟ ಬಯಲು ಸಂಗ್ರಹಾಲಯ. ಇದನ್ನು ರೂಪಿಸಿದವರು ಕಲಾವಿದರೂ ದೊಡ್ಡಾಟದ ಮರ್ಮಜ್ಞರೂ ಆಗಿದ್ದ ಡಾ. ಟಿ. ಬಿ. ಸೊಲಬಕ್ಕನವರ. 2020ರಲ್ಲಿ ಅವರು ಅಗಲಿದರೂ ಅವರ ಕನಸು ಅಲ್ಲಿ ನಿಂತಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ಊರಿನಲ್ಲಿದೆ.

ಆಳೆತ್ತರದ ಸಿಮೆಂಟಿನ ಮೂರ್ತಿಗಳು ಜೀವಂತರಂತೆಯೇ ತೋರುತ್ತವೆ. ಒಕ್ಕಲಿಗ, ಕುಂಬಾರ, ಕಮ್ಮಾರ, ಮನೆಗೆಲಸದ ಹೆಣ್ಣುಮಕ್ಕಳು, ಎಲ್ಲರೂ ತಮ್ಮ ತಮ್ಮ ಕಾಯಕದಲ್ಲಿ ಮಗ್ನರು. ಯಾವ ಕಾಯಕವೂ ಕೀಳಲ್ಲವೆಂಬ ಶರಣರ ಮಾತಿಗೆ ಇಲ್ಲಿ ಬೇರೆ ವ್ಯಾಖ್ಯಾನ ಬೇಕಿಲ್ಲ.

ನಡೆಯುತ್ತ ಮೊಮ್ಮಗನಿಗೆ ಕೂರಿಗೆಯ ವಿಷಯ ಹೇಳುತ್ತಿದ್ದೆ. “ಅಜ್ಜಾ, ಬೀಜ ಎಲ್ಲಾ ಒಮ್ಮೆಗೇ ಯಾಕ ಬೀಳೂದಿಲ್ಲ?” ಎಂದು ಆತ ಕೇಳಿದ. ಹಿಡಿ ಮಣ್ಣು ತೆಗೆದುಕೊಂಡು, ಮುಷ್ಟಿಯನ್ನು ಸಡಿಲಿಸುತ್ತ ಬೆರಳಸಂದಿಯಿಂದ ಸಮನಾಗಿ ಉದುರಿಸಿ ತೋರಿಸಿದೆ. ಕೂರಿಗೆಯ ಬಟ್ಟಲಿಗೆ ನನ್ನ ತಾಯಿ ಹೀಗೆಯೇ ಬೀಜ ಬಿಡುತ್ತಿದ್ದಳು. ಅದು ಬಿದಿರಿನ ಕೊಳವೆಗಳಲ್ಲಿಳಿದು ಸಾಲುಗಳಲ್ಲಿ ಬೀಳುತ್ತಿತ್ತು. ಕೈ ತಪ್ಪಿದರೆ ಒಂದೆಡೆ ದಟ್ಟ, ಇನ್ನೊಂದೆಡೆ ಬರಿದು. “ಆ ಕೂರಿಗಿ ಎಲ್ಲೈತಿ?” ಎಂದ. ನಾನು ಮೌನಿಯಾದೆ. ಅಟ್ಟದ ಮೇಲಿದ್ದ ಅದನ್ನು ಕಟ್ಟಿಗೆಯ ಬೆಲೆಗೆ ಕೊಟ್ಟವನು ನಾನೇ. ಮಠದಲ್ಲಿ ಓಲೆಗರಿಗಳನ್ನು ಜತನದಿಂದ ಕಾಯುವುದನ್ನು ಕಲಿತ ನನಗೆ, ತಾಯಿಯ ಕೈ ಸೋಕಿದ ಮರವೂ ಒಂದು ಗ್ರಂಥವೆಂದು ಅಂದು ಹೊಳೆಯಲಿಲ್ಲ.

ಮೂರ್ತಿ ಭಂಗಿಯನ್ನು ಉಳಿಸಬಲ್ಲದು. ಕೈಯ ಹದವನ್ನು ಕೈಯೇ ಕಲಿಸಬೇಕು. ನಮ್ಮ ತಾಲ್ಲೂಕುಗಳಲ್ಲಿ ಆ ಹದವಿನ್ನೂ ಪೂರ್ಣವಾಗಿ ಅಳಿದಿಲ್ಲ. ಜೋಯಿಡಾದ ಕುಣಬಿಗಳು ಬಗೆಬಗೆಯ ಗಡ್ಡೆಗೆಣಸು ಬೆಳೆಯುತ್ತಾರೆ. ಹಳಿಯಾಳ, ಮುಂಡಗೋಡದ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳಿಂದ ಸುಂದರ ಕೌದಿ ಹೊಲಿಯುತ್ತಾರೆ.

ಓದುಗ ಬಂಧುಗಳೆ, ಗೊಟಗೋಡಿಗೆ ಹೋಗುವಾಗ ಮನೆಯ ಹಿರಿಯರನ್ನೂ ತಪ್ಪದೆ ಕರೆದೊಯ್ಯಿರಿ. ಮೂರ್ತಿಗಳು ಹೇಳಲಾರದುದನ್ನು ಅವರು ಹೇಳುವರು. ಮರಳಿ ಬಂದ ಮೇಲೆ ನಿಮ್ಮ ಅಟ್ಟವನ್ನೊಮ್ಮೆ ನೋಡಿರಿ. ಅಲ್ಲಿ ಏನಾದರೂ ಉಳಿದಿದ್ದರೆ, ಮಾರುವ ಮುನ್ನ ಅದರ ಹೆಸರನ್ನೂ ಬಳಕೆಯನ್ನೂ ಮಕ್ಕಳಿಗೆ ಕಲಿಸಿರಿ.