ಕೈಗೆ ತಗುಲುವ ಗಾಳಿ

‘ಕಣ್ಣು ಮುಚ್ಚಿ ಸಾರ್, ಈಗ ಯೋಕ್ ಎಳೀರಿ’ ಎಂದರು ತರಬೇತುದಾರರು.

ಬೆಂಗಳೂರಿನ ಪೈಲಟ್ ತರಬೇತಿ ಕೇಂದ್ರವೊಂದರ ಬೋಯಿಂಗ್ 737 ಸಿಮ್ಯುಲೇಟರಿನಲ್ಲಿ ಕೂತಿದ್ದೆ. ಕಿಟಕಿಯಾಚೆಯ ರನ್‌ವೇ, ಮೋಡ, ದೂರದ ದೀಪಗಳಿಗೆ ಮರುಳಾಗಿದ್ದವನಿಗೆ ಕಣ್ಣು ಮುಚ್ಚಲು ಮನಸ್ಸಿರಲಿಲ್ಲ. ಎಳೆದೆ. ವೇಗ 150 ನಾಟ್. ಯೋಕ್, ಅಂದರೆ ವಿಮಾನದ ಮೂತಿಯನ್ನು ಏರಿಳಿಸುವ ಹಿಡಿಕೆ, ಮೆತ್ತಗೆ ಬಂತು. ಅವರು ಹಿಂದಿನಿಂದಲೇ ವೇಗವನ್ನು 300ಕ್ಕೆ ಏರಿಸಿದರು. ಈಗ ಅದೇ ಯೋಕ್ ಬಾವಿಯಿಂದ ತುಂಬಿದ ಕೊಡ ಸೇದಿದ ಹಾಗೆ ಭಾರ. ಆಮೇಲೆ ಈ ಭಾರವನ್ನು ಹುಟ್ಟಿಸುವ ಕಂಟ್ರೋಲ್ ಲೋಡಿಂಗ್ ವ್ಯವಸ್ಥೆಯನ್ನೇ ಆರಿಸಿಬಿಟ್ಟರು. ಯೋಕ್ ಕೈಯಲ್ಲಿ ಜೋತುಬಿತ್ತು. ಕಣ್ಣು ತೆರೆದರೆ ಮೋಡ, ದೀಪ ಎಲ್ಲ ಇದ್ದಲ್ಲೇ ಇದ್ದವು. ಆದರೂ ಹಾರುತ್ತಿದ್ದೇನೆ ಎಂದು ನಂಬಲು ಆಗಲಿಲ್ಲ.

ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿ. ಸೆಸ್ನಾದಂಥ ಪುಟ್ಟ ವಿಮಾನದಲ್ಲಿ ಅದು ಕೇಬಲ್ ಹಿಡಿದು ನೇರ ಕೈಗೆ ಬರುತ್ತದೆ. 737ರಲ್ಲಿ ಮೂತಿಯನ್ನು ಏರಿಳಿಸುವ ಬಾಲದ ಪಟ್ಟಿಯನ್ನು, ಅಂದರೆ ಎಲಿವೇಟರನ್ನು, ತಿರುಗಿಸುವುದು ಹೈಡ್ರಾಲಿಕ್ ಬಲ; ಗಾಳಿಯ ಒತ್ತಡ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅಸಲಿ ವಿಮಾನದಲ್ಲೇ ಆ ಭಾರವನ್ನು ತಯಾರಿಸಿ ಕೊಡಬೇಕು! ಅದಕ್ಕೆಂದೇ ಬಾಲದ ನೆಟ್ಟನೆಯ ರೆಕ್ಕೆಯ ಎರಡು ಬದಿಗೂ ಎದುರು ಗಾಳಿ ಹಿಡಿಯುವ ಒಂದೊಂದು ಪಿಟೋ ಕೊಳವೆ ಇದೆ. ಪೈಲಟ್ ನೋಡುವ ವೇಗಮಾಪಕಕ್ಕೆ ಮೂತಿಯ ಬಳಿ ಬೇರೆಯೇ ಕೊಳವೆಗಳಿವೆ. ಬಾಲದ ಇವೆರಡು ಇರುವುದು ಅವನ ಕೈಗಾಗಿ. ಇವು ಹಿಡಿದ ಗಾಳಿಯ ಒತ್ತಡ ನೋಡಿಕೊಂಡು ‘ಎಲಿವೇಟರ್ ಫೀಲ್ ಕಂಪ್ಯೂಟರ್’ ಯೋಕ್‌ನ ಬಿಗಿಯನ್ನು ಹೆಚ್ಚುಕಡಿಮೆ ಮಾಡುತ್ತದೆ. ಅಂದರೆ ನಾನು ಎಳೆದದ್ದು ನಕಲಿನ ನಕಲು. ಇದು ತಿಳಿದಾಗಿನಿಂದ ಸಿಕ್ಕವರಿಗೆಲ್ಲ ಈ ಕೊಳವೆಗಳ ಕಥೆ ಹೇಳುತ್ತಿದ್ದೇನೆ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ320 ಈ ಗೋಜಿಗೇ ಹೋಗದೆ, ಯೋಕ್ ಬದಲು ಪಕ್ಕದಲ್ಲಿರುವ ಸೈಡ್‌ಸ್ಟಿಕ್ ಎಂಬ ಹಿಡಿಕೆಗೆ ಸ್ಪ್ರಿಂಗ್ ಇಟ್ಟಿತು. ವೇಗ ಎಷ್ಟಾದರೂ ಬಿಗಿ ಅಷ್ಟೇ. ಲಕ್ಷಾಂತರ ಸಲ ಸುರಕ್ಷಿತವಾಗಿ ಹಾರಿದೆ, ನಿಜ. ನನ್ನ ಅಂಗೈ ಮಾತ್ರ ಒಪ್ಪುತ್ತಿಲ್ಲ.

ಸಿಮ್ಯುಲೇಟರಿನ ಹುಟ್ಟಲ್ಲೂ ಗಾಳಿಯೇ ಇದೆ. ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್‌ನಲ್ಲಿ ಎಡ್ವಿನ್ ಲಿಂಕ್ 1920ರ ದಶಕದ ಕೊನೆಗೆ ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳಿಂದ ಹಾರಾಟ ಕಲಿಸುವ ತನ್ನ ಯಂತ್ರ ಕಟ್ಟಿದ. 1934ರಲ್ಲಿ ಅಮೆರಿಕದ ಸೇನೆ ಅಂಥ ಆರನ್ನು ಕೊಂಡಿತು.

ಸಿಮ್ಯುಲೇಟರಿನಲ್ಲಿ ಯೋಕ್‌ನ ಭಾರ ಸರಿಯಿದ್ದರೆ ಸಾಲದು, ಕೈಯ ಚಲನೆಗೆ ಯಂತ್ರದ ಉತ್ತರ ಹೊತ್ತಿಗೆ ಸರಿಯಾಗಿ ಬರಬೇಕು. ಉನ್ನತ ದರ್ಜೆಯ ಸಿಮ್ಯುಲೇಟರ್‌ಗಳಲ್ಲಿ ವಿಳಂಬ 150 ಮಿಲಿಸೆಕೆಂಡ್ ಮೀರಬಾರದೆಂದು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಬಹುಕಾಲ ಮಿತಿ ಇಟ್ಟಿತ್ತು. ಕಣ್ಣು ಮಿಟುಕಿಸುವುದಕ್ಕಿಂತ ಹೆಚ್ಚಿನ ಹೊತ್ತಲ್ಲ. ಆದರೆ 1977ರ ಅಕ್ಟೋಬರ್ 26ರಂದು ನಾಸಾದ ಪರೀಕ್ಷಾ ಷಟಲ್ ಎಂಟರ್‌ಪ್ರೈಸನ್ನು ಇಳಿಸುತ್ತಿದ್ದ ಗಗನಯಾತ್ರಿ ಫ್ರೆಡ್ ಹೇಯ್ಸ್ ಕೈಯನ್ನು ಇಂಥದೇ ವಿಳಂಬ ಕಾಡಿತು. ಅವರು ತಿದ್ದಿದಷ್ಟೂ ನೌಕೆ ತಡವಾಗಿ ತಿರುಗಿ ಓಲಾಡಿತು, ರನ್‌ವೇ ಮೇಲೆ ಪುಟಿಯಿತು. ಕಾರಣ ಹುಡುಕಲು ನಾಸಾ ನೆಲದ ಸಿಮ್ಯುಲೇಟರನ್ನಷ್ಟೇ ನಂಬದೆ ಎಫ್-8 ವಿಮಾನಕ್ಕೆ ಬೇಕೆಂದೇ ವಿಳಂಬ ಸೇರಿಸಿ, ನಿಜವಾದ ನೆಲಕ್ಕೆ ಇಳಿಸಿ ನೋಡಿತು. ಸಿಮ್ಯುಲೇಟರಿನ ಬಗ್ಗೆ ನನಗಿರುವ ಅನುಮಾನವೂ ಇದೇ: ಬಿದ್ದರೆ ಸಾಯುವುದಿಲ್ಲ ಎಂದು ಕೈಗೆ ಗೊತ್ತಿದ್ದರೆ ಅದು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ನಮ್ಮ ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಏರುವ ಮೊದಲೂ ಅಷ್ಟೇ. ಅದರ ನಿಯಂತ್ರಣ ಸೂತ್ರಗಳನ್ನು ನೆಲದ ಸಿಮ್ಯುಲೇಟರಿಗೆ ಮಾತ್ರ ಬಿಡದೆ, 1996ರಲ್ಲಿ ಅಮೆರಿಕದಲ್ಲಿ, ಬೇರೆ ವಿಮಾನಗಳಂತೆ ವರ್ತಿಸಬಲ್ಲ ಎಫ್-16 ವಿಸ್ಟಾ ವಿಮಾನಕ್ಕೆ ತುಂಬಿ ಹಾರಿಸಿ ಪರೀಕ್ಷಿಸಿದ್ದರು.

ಕಳೆದ ವಾರ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊರಟಾಗ ಪಕ್ಕದಲ್ಲೊಂದು 737 ನಿಂತಿತ್ತು. ಬಸ್ಸಿನ ಕಿಟಕಿಗೆ ಮೂಗು ಒತ್ತಿ ಅದರ ಬಾಲ ನೋಡಿದೆ. ಅಲ್ಲಿತ್ತು ಕೊಳವೆ, ಬೆರಳಿನಷ್ಟು ಚಿಕ್ಕದಾಗಿ ಕಂಡಿತು.