ಕಾಟಾದ ಮುಂದ ಸಾಲು, ಕೋಡಿನ ಒಳಗೂ ಸಾಲು

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನ್ಯಾಗ ಕಾರ್ಖಾನಿ ಕಾಟಾದ ಮುಂದ ಟ್ರ್ಯಾಕ್ಟರ್ ಸಾಲು ನೋಡೀರಲ್ಲ? ಆ ಕಾಟಾದ ಸಾಫ್ಟ್‌ವೇರ್ ನೀವ ಬರದೀರಿ ಅಂತ ತಿಳ್ಕೋರಿ. ತೂಕದ ಚೀಟಿ ಪಿಡಿಎಫ್ ಮಾಡಾಕ ಅದು ಬ್ಯಾರೆ ಪ್ರೋಗ್ರಾಂ ಕರೀತೈತಿ.

ಪೈಥಾನ್‌ನ 'ಸಬ್‌ಪ್ರೊಸೆಸ್ ಡಾಟ್ ರನ್' ಹಾಕಿದ್ರ, ಚೀಟಿ ಆಗೂ ತನಕ ಕೋಡ್ ಅಲ್ಲೇ ನಿಂತಬಿಡತೈತಿ. ಮುಂದಿನ ಗಾಡಿಗೆ ತೂಕ ಇಲ್ಲ! ಅದಕ್ಕ ಅಸಿಂಕ್‌ಐಒದ 'ಕ್ರಿಯೇಟ್ ಸಬ್‌ಪ್ರೊಸೆಸ್ ಎಕ್ಸೆಕ್' ಬಳಸ್ರಿ.

ಟೆಸ್ಟ್ ಹೆಂಗ? ಆ ಕರೆ ಒಂದು ಸಣ್ಣ 'ರನ್ನರ್' ಕ್ಲಾಸಿನ್ಯಾಗ ಇಟ್ಟು, ಹೊರಗಿಂದ ಪಾಸ್ ಮಾಡ್ರಿ. ಟೆಸ್ಟಿನ್ಯಾಗ ನಕಲಿ ರನ್ನರ್ ಕೊಡ್ರಿ: ಒಮ್ಮೆ ಎಗ್ಜಿಟ್ ಕೋಡ್ 0, ಒಮ್ಮೆ 1, ಒಮ್ಮೆ ಉತ್ತರನ ಇಲ್ಲ. ಈ ಮೂರನೇದ್ದು ಬಾಳ ಮಂದಿ ಬಿಟ್ಟಬಿಡ್ತಾರ, ಲೈವ್ ಹೋದ ಮ್ಯಾಲ ಕಾಡೂದೂ ಅದ.

ಇನ್ನೊಂದು: ಉತ್ತರ ಬರದಿದ್ದಾಗ ಕಾಯೂದು ನಿಲ್ಲಸಾಕ ಅಸಿಂಕ್‌ಐಒದ 'ವೇಟ್ ಫಾರ್' ಹಾಕಿದ್ರ, ಅದು ಟೈಮ್‌ಔಟ್ ಆದ್ರೂ ಹೊರಗಿನ ಪ್ರೊಸೆಸ್ ತಾನ ಸಾಯಂಗಿಲ್ಲ. ನೀವ 'ಕಿಲ್' ಮಾಡಿ, ಆಮ್ಯಾಲ 'ವೇಟ್' ಮಾಡಬೇಕು.