ಎಡಗೈಯವರಿಗೆ ಜಾಝ್ ಗಿಟಾರ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು



ಬತ್ತೇರಿ ಕಡೆಯ ನಮ್ಮ ಸದಸ್ಯರೊಬ್ಬರ ಮಗಳಿಗೆ ಎಡಗೈ ರೂಢಿ. ಎರಡು ವರ್ಷ ಎರವಲು ಗಿಟಾರಿನಲ್ಲಿ ಎಡಗೈಯಲ್ಲೇ ಅಭ್ಯಾಸ ಮಾಡಿ ಈಗ ಜಾಝ್ ಕಲಿಯಲು ಹೊರಟಿದ್ದಾಳೆ. ಮನೆಯ ಹಿರಿಯರು ಮಾತ್ರ "ಬಲಗೈಗೆ ಬದಲಿಸಿಕೊಳ್ಳಲಿ, ಇಷ್ಟೊಂದು ದುಡ್ಡು ಯಾಕೆ?" ಎನ್ನುತ್ತಿದ್ದಾರಂತೆ. ತಂದೆ ಸಂಘಕ್ಕೆ ಬರೆದು ಕೇಳಿದ್ದಾರೆ. ಬೇರೆ ಮನೆಗಳಿಗೂ ಉಪಯೋಗವಾಗಲೆಂದು, ಬಲ್ಲವರಿಂದ ಕೇಳಿ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇನೆ.

ಕೈ ಬದಲಿಸಬೇಕೇ?

ಎಡಗೈಯವರಾದ ಮಾರ್ಕ್ ನಾಫ್ಲರ್ ಬಲಗೈ ಗಿಟಾರನ್ನೇ ನುಡಿಸಿ ಹೆಸರಾದವರು. ಹಾಗಾಗಿ ಇನ್ನೂ ಗಿಟಾರ್ ಮುಟ್ಟದ ಮಗು ಎರಡೂ ಬಗೆಯಲ್ಲಿ ಹಿಡಿದು ನೋಡಬಹುದು. ಆದರೆ ಎರಡು ವರ್ಷ ಕೈ ಪಳಗಿದವರನ್ನು ಬದಲಿಸಿದರೆ ಕಲಿತದ್ದನ್ನೆಲ್ಲ ಮೊದಲಿನಿಂದ ಕಲಿಯಬೇಕು. ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರು. ಅವರಿಗಾಗಿ ವೇದಿಕೆಯಲ್ಲಿ ಪಕ್ಕವಾದ್ಯದವರ ಜಾಗ ಅದಲುಬದಲಾಗಬೇಕಿತ್ತು. ಜಾಗ ಬದಲಾಯಿತು, ಕೈ ಬದಲಾಗಲಿಲ್ಲ. ಈ ಹುಡುಗಿಯ ವಿಷಯದಲ್ಲೂ ಅದೇ ಸರಿ ಎಂದು ನನ್ನ ಅಭಿಪ್ರಾಯ.

ಟೊಳ್ಳು ಗಿಟಾರ್ ಯಾಕೆ?

ಅಂಗಡಿಯವರು ಹಾಲೋ ಬಾಡಿ ಎನ್ನುವುದು ಒಳಗೆ ಟೊಳ್ಳಾಗಿರುವ, ಪಿಟೀಲಿನಂತೆ ಮೇಲ್ಹಲಗೆಯಲ್ಲಿ ಎರಡು ಸೀಳುಗಳಿರುವ ವಿದ್ಯುತ್ ಗಿಟಾರ್. ಗಿಬ್ಸನ್ ಕಂಪನಿಯ ಇಎಸ್-150 ಬಂದದ್ದು 1936ರಲ್ಲಿ. ಚಾರ್ಲಿ ಕ್ರಿಶ್ಚಿಯನ್ ಅದನ್ನು ನುಡಿಸಿ, ಗಿಟಾರೂ ತುತ್ತೂರಿ, ಸ್ಯಾಕ್ಸೊಫೋನ್‌ಗಳ ಸಮಕ್ಕೆ ನಿಲ್ಲಬಲ್ಲದೆಂದು ತೋರಿಸಿದರು. 1949ರಲ್ಲಿ ಇಎಸ್-175 ಬಂತು. ವೆಸ್ ಮಾಂಟ್ಗೊಮರಿ ಎಲ್-5 ಗಿಟಾರನ್ನು ಬರಿಯ ಹೆಬ್ಬೆರಳಿನಲ್ಲಿ ಮೀಟುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಕೋಲ್ಕತ್ತದಲ್ಲಿ ಜಾಝ್ ನುಡಿಸಿ, ಕಲಿಸಿ, 2016ರಲ್ಲಿ ತೀರಿಕೊಂಡ ಕಾರ್ಲ್ಟನ್ ಕಿಟ್ಟೋ ಇದೇ ಪರಂಪರೆಯವರು.

ಟೊಳ್ಳಿಗೆ ಒಂದು ತೊಂದರೆ ಇದೆ. ಸ್ಪೀಕರಿನ ಸದ್ದು ಮರವನ್ನು ನಡುಗಿಸಿ, ಆ ನಡುಕ ಮತ್ತೆ ಸ್ಪೀಕರಿಗೆ ಹೋಗಿ ಊಳಿಡುತ್ತದೆ. ಇದನ್ನು ತಡೆಯಲೆಂದೇ 1958ರ ಇಎಸ್-335ರಲ್ಲಿ ನಡುವೆ ಮರದ ದಿಮ್ಮಿ ಇಟ್ಟರು. ದೊಡ್ಡ ಸದ್ದಿನ ತಂಡದೊಡನೆ ನುಡಿಸುವವರಿಗೆ ಅಂಥ ಅರೆಟೊಳ್ಳು ಗಿಟಾರ್ ವಾಸಿ.

ಬಲಗೈ ಗಿಟಾರನ್ನೇ ತಿರುಗಿಸಿದರೆ?

ಜಿಮಿ ಹೆಂಡ್ರಿಕ್ಸ್ ಹಾಗೆ ಮಾಡಿದರು, ನಿಜ. ಅವರದು ಎರಡೂ ಬದಿ ಕೊರೆದಿದ್ದ ಗಟ್ಟಿ ಮರದ ಗಿಟಾರ್. ಟೊಳ್ಳು ಗಿಟಾರಿನಲ್ಲಿ ಸಾಮಾನ್ಯವಾಗಿ ಒಂದೇ ಬದಿ ಕೊರೆದಿರುತ್ತಾರೆ. ತಿರುಗಿಸಿದರೆ ಕೊರೆತ ಮೇಲೆ ಹೋಗಿ, ಮೇಲಿನ ಸ್ವರಗಳಿಗೆ ಕೈ ಎಟುಕುವುದಿಲ್ಲ. ತಂತಿ ಕೂರುವ ಗಾಡಿಗಳ ಅಗಲ ತಾಳೆಯಾಗುವುದಿಲ್ಲ, ಕುದುರೆಯ ಓರೆಯೂ ತಲೆಕೆಳಗಾಗುತ್ತದೆ. ಎಡಗೈಗೆಂದೇ ತಯಾರಾದ ಮಾದರಿಗಳು ಕಡಿಮೆ. ಗ್ರೆಚ್ ಕಂಪನಿಯ ಜಿ5420ಎಲ್‌ಎಚ್ ಅಂಥದೊಂದು. ತರಿಸಿಕೊಡಲು ಅಂಗಡಿಗೆ ಮುಂಗಡ ಕೊಡುವಾಗ ಮಾದರಿ, ಬೆಲೆ, ಹಿಂದಿರುಗಿಸುವ ಷರತ್ತು ಮೂರನ್ನೂ ಲಿಖಿತವಾಗಿ ಪಡೆಯಿರಿ.

ನಮ್ಮ ಮಳೆಗೆ ಒಗ್ಗುವುದು

ವಯನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಇಡೀ ಹಲಗೆ ಕೆತ್ತಿ ಮಾಡಿದ ಗಿಟಾರಿನ ನಾದ ಚೆನ್ನ, ಆದರೆ ಅದು ಸೂಕ್ಷ್ಮ, ದುಬಾರಿ. ಪದರ ಅಂಟಿಸಿದ ಹಲಗೆಯದು ಹವೆಯನ್ನು ಹೆಚ್ಚು ತಾಳುತ್ತದೆ. ಇಎಸ್-175ರ ಹಲಗೆಯೂ ಪದರದ್ದೇ, ಆದ್ದರಿಂದ ಅದು ಕಡಿಮೆಯೆಂಬ ಅಳುಕು ಬೇಡ. ಗಟ್ಟಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಹೊರಗೋಡೆಗೆ ಒರಗಿಸಬೇಡಿ.

ತಂತಿಗಳು

1. ಎಡಗೈ ತಂತಿ ಎಂದು ಬೇರೆ ಇಲ್ಲ. ಅದೇ ಆರು ತಂತಿ, ಕಟ್ಟುವ ಕ್ರಮ ಮಾತ್ರ ತಿರುವುಮುರುವು. ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ.

2. ಸಾಮಾನ್ಯ ದಪ್ಪ ತಂತಿಗೆ ದುಂಡು ಸರಿಗೆ ಸುತ್ತಿರುತ್ತದೆ. ಜಾಝ್‌ನವರು ಮೆಚ್ಚುವ ಫ್ಲಾಟ್‌ವೌಂಡ್‌ಗೆ ಚಪ್ಪಟೆ ಪಟ್ಟಿ ಸುತ್ತಿರುತ್ತದೆ. ಬೆರಳು ಸರಿದಾಗ ಕಿರುಗುಡುವುದು ಕಡಿಮೆ, ನಾದ ಮೃದು. ಬೆಲೆ ಹೆಚ್ಚು, ಆದರೆ ಬಾಳಿಕೆಯೂ ಹೆಚ್ಚು.

3. ಮೊದಲ ತಂತಿಯ ದಪ್ಪದಿಂದ ಸೆಟ್ಟನ್ನು ಗುರುತಿಸುತ್ತಾರೆ. ಡಿ'ಅಡಾರಿಯೊ ಕ್ರೋಮ್ಸ್‌ನಲ್ಲಿ 11–50, 12–52 ಸೆಟ್ಟುಗಳಿವೆ. ಇವು ಅಂಗುಲದ ಸಾವಿರದ ಲೆಕ್ಕ. ಎಳೆಯ ಬೆರಳಿಗೆ 11ರಿಂದ ಆರಂಭಿಸಿ, ಬಲ ಬಂದ ಮೇಲೆ 12ಕ್ಕೆ ಹೋಗಬಹುದು.

4. ಹಲವು ಟೊಳ್ಳು ಗಿಟಾರುಗಳಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಿಂದಲೇ ಅದು ನಿಂತಿರುತ್ತದೆ. ಎಲ್ಲ ತಂತಿ ಒಟ್ಟಿಗೆ ಬಿಚ್ಚದೆ ಒಂದೊಂದಾಗಿ ಬದಲಿಸಿ. ಹನ್ನೆರಡನೇ ಮನೆಯಲ್ಲಿ ಒತ್ತಿ ನುಡಿಸಿದ ಸ್ವರವೂ ಅಲ್ಲೇ ಹಗುರವಾಗಿ ಮುಟ್ಟಿದಾಗ ಬರುವ ಸ್ವರವೂ ಒಂದೇ ಇದ್ದರೆ ಕುದುರೆ ಸರಿಯಾದ ಜಾಗದಲ್ಲಿದೆ.

ಪ್ರಯಾಣದ ಸೂಚನೆ

ಮೈಸೂರು, ಬೆಂಗಳೂರಿಗೆ ಹೋಗಿ ನೋಡುವುದಾದರೆ ಮಗಳನ್ನೂ ಕರೆದೊಯ್ಯಿರಿ. ಅವಳು ಅರ್ಧ ಗಂಟೆಯಾದರೂ ಕೂತು ನುಡಿಸಿದ ಮೇಲೆ ದುಡ್ಡು ಕೊಡಿ. ಬಂಡೀಪುರದ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆ ಅವಸರದಲ್ಲಿ ವ್ಯಾಪಾರ ಮುಗಿಸುವುದಕ್ಕಿಂತ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು.

ಕೊನೆಯದಾಗಿ, ನಮ್ಮ ರಾಜ್ಯೋತ್ಸವದ ವೇದಿಕೆ ಸಿದ್ಧಪಡಿಸುವ ಕಾರ್ಯಕರ್ತರ ಗಮನಕ್ಕೆ: ಎಡಗೈ ಗಿಟಾರಿನ ಕುತ್ತಿಗೆ ನುಡಿಸುವವರ ಬಲಕ್ಕೆ ಚಾಚಿರುತ್ತದೆ. ಆ ಬದಿಗೆ ಜಾಗ ಬಿಟ್ಟು, ಸ್ಪೀಕರಿನಿಂದ ದೂರಕ್ಕೆ ಕುರ್ಚಿ ಹಾಕಿ. ಹುಡುಗಿ ಸಿದ್ಧವಾದ ದಿನ ನಮ್ಮ ಕಡೆಯಿಂದ ಕೊರತೆಯಾಗಬಾರದು.

– ಕಾರ್ಯದರ್ಶಿ